ದಂಡಿನೊಡೆಯನ ಬಿರುದು

ಮೊದಲು ನಮ್ಮ ಗುಡ್ಡಕ್ಕೆ ಮೂವರು ಒಡೆಯರು. ಹೊಲಕ್ಕೊಬ್ಬ, ಹುಲ್ಲುಗಾವಲಿಗೊಬ್ಬ, ದಂಡಿಗೊಬ್ಬ. ಮೂವರಿಗೂ ಬಿಟ್ಟಿ ದುಡಿಯಬೇಕಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಹೊಲದವನು ಕುತ್ತಿಗೆ ಹಿಸುಕಿದರೆ ದಂಡಿನವನ ಅಂಗಳಕ್ಕೆ ಓಡಬಹುದಿತ್ತು. ಅವರಿಗೆ ಒಬ್ಬರನ್ನು ಕಂಡರೆ ಒಬ್ಬರಿಗಾಗದು. ಆ ಸಂದಿನಲ್ಲಿ ನಾವು ಬದುಕಿಕೊಂಡಿದ್ದೆವು.

ಬೆಲ್ಜಿಯಂನವರು ರುವಾಂಡಕ್ಕೆ ಬಂದ ಹತ್ತು ಹನ್ನೆರಡು ವರ್ಷಕ್ಕೆ ಮೂವರನ್ನೂ ತೆಗೆದು ಒಬ್ಬನನ್ನು ಕೂರಿಸಿದರು. ಆಡಳಿತ ಸಲೀಸಾಗಬೇಕಂತೆ. ಆ ಒಬ್ಬ ಗಶುಗಿ, ಸರ್ಕಾರಿ ಶಾಲೆಯಲ್ಲಿ ಓದಿದ ಇಪ್ಪತ್ತೈದರ ಹುಡುಗ. ದಂಡನ್ನೂ ಬರಖಾಸ್ತು ಮಾಡಿದರು. ದಂಡಿನೊಡೆಯನಾಗಿದ್ದ ಸೆಮಕ್ವಾವು ಎಂಬ ಮುದುಕ ಮನೆಯಲ್ಲಿ ಕೂತು ನೊಣ ಹೊಡೆಯತೊಡಗಿದ.

ಮರುವರ್ಷ ಅತ್ತಿಗೆಗೆ ಹೆರಿಗೆ ನೋವೆಂದು ನನ್ನ ಅಣ್ಣ ಬಿಜುರು ಎರಡು ದಿನ ಸರ್ಕಾರದ ಬಿಟ್ಟಿ ರಸ್ತೆ ಕೆಲಸ ತಪ್ಪಿಸಿದ. ಅಷ್ಟಕ್ಕೇ ಗಶುಗಿ ಅವನ ಬಾಳೆತೋಟ ಕಿತ್ತು ತನ್ನ ಬಂಟನಿಗೆ ಕೊಟ್ಟ. ಅದು ನಮ್ಮಪ್ಪ ನೆಟ್ಟ ತೋಟ, ಅಣ್ಣನ ಮನೆ ಅದರ ನಡುವೆಯೇ ಇತ್ತು.

ಅಣ್ಣ ಬಾಳೆಹಣ್ಣಿನ ಹೆಂಡದ ಗಡಿಗೆ ಹೊತ್ತು ಸೆಮಕ್ವಾವುವಿನ ಮನೆಗೆ ಹೊರಟ. ಆ ಮುದುಕನ ಮಾತು ಈಗ ಅವನ ಹೆಂಡತಿಯೂ ಕೇಳುವುದಿಲ್ಲ ಎಂದು ನಾನು ಬೈದೆ.

“ಪಾದ್ರಿಗಳ ಹತ್ರ ಎರಡಕ್ಷರ ಕಲ್ತೆ ಅಂತ ನಂಗೆ ಬುದ್ಧಿ ಹೇಳ್ಬೇಡ ಕಣೋ,” ಅಂದ ಅಣ್ಣ. “ಮತ್ಯಾರ ಹತ್ರ ಹೋಗ್ಲಿ? ಗಶುಗಿ ಮೇಲಿನ ದೂರು ಗಶುಗಿಗೇ ಹೇಳ್ಲಾ?”



ಮುದುಕನ ಅಂಗಳಕ್ಕೆ ದೂರು ಹೊತ್ತು ಯಾರೂ ಬಾರದೆ ವರ್ಷವಾಗಿತ್ತು. ಹೆಂಡ ಹೀರುತ್ತಾ ಅತ್ತುಬಿಟ್ಟನಂತೆ. ಮರುದಿನ ಭರ್ಜಿ ಹಿಡಿದು ತೋಟಕ್ಕೆ ಬಂದ. ಹಿಂದೆ ಹಳೆ ದಂಡಿನ ಹತ್ತು ಮುದುಕರು, ಅರ್ಧ ಜನಕ್ಕೆ ಕಣ್ಣೇ ಕಾಣದು. ಆದರೂ ಗಶುಗಿಯ ಬಂಟ ಓಡಿಹೋದ. ಮೂರು ದಿನ ತೋಟ ನಮ್ಮದಾಯಿತು.

ನಾಲ್ಕನೆಯ ದಿನ ಪೊಲೀಸರು ಬಂದು ನಮ್ಮನ್ನೆಲ್ಲ ಬಿಳಿ ಅಧಿಕಾರಿಯ ಮುಂದೆ ನಿಲ್ಲಿಸಿದರು. ಸರ್ಕಾರದ ವಿರುದ್ಧ ದಂಡು ಕಟ್ಟಿದ್ದಾರೆಂದು ಗಶುಗಿಯ ದೂರು. ಅಧಿಕಾರಿ ಮುದುಕರನ್ನು ನೋಡಿ ನಕ್ಕ. ಹೆರಿಗೆಯ ವಿಚಾರ ಕೇಳಿ ತಲೆಯಾಡಿಸಿದ. ತೋಟ ಉಳಿಯಿತು ಅಂದುಕೊಂಡೆ. ಆಮೇಲೆ ಅವನು ದುಭಾಷಿಯಿಂದ ಸೆಮಕ್ವಾವುವಿಗೆ, ನೀನು ಯಾರು ಎಂದು ಕೇಳಿಸಿದ.

ದೊಡ್ಡವರು ಹಾಗೆ ಕೇಳಿದರೆ ನಮ್ಮ ದಂಡಾಳು ಬರೀ ಹೆಸರು ಹೇಳಿ ಸುಮ್ಮನಾಗುವುದಿಲ್ಲ, ತನ್ನ ಶೌರ್ಯವನ್ನು ತಾನೇ ಹೊಗಳಿಕೊಳ್ಳುವ ಬಿರುದು ಹೇಳುತ್ತಾನೆ. ಮುದುಕ ಹೊದಿಕೆ ಹೆಗಲಿಗೆಸೆದು ಕೈಯೆತ್ತಿದ.

“ಬೆನ್ನು ತೋರಿಸದವನು ನಾನು. ಹೊಳೆ ದಾಟಿ ಏಳು ಜನರನ್ನು ಕೆಡವಿದವನು. ಎಂಟನೆಯವನು ನನ್ನ ನೆರಳಿಗೇ ಸತ್ತ.”

ಅವನು ಯಾರನ್ನೂ ಕೊಂದಿರಲಿಲ್ಲ. ಎಲ್ಲರ ಬಿರುದೂ ಹಾಗೇ ಇರುತ್ತದೆ. ದುಭಾಷಿ ಗಶುಗಿಯ ಸೋದರಮಾವನ ಮಗ. ಅವನು ಅಧಿಕಾರಿಗೆ ತಿಳಿಯುವ ಸ್ವಾಹಿಲಿಯಲ್ಲಿ, ಇವನು ಏಳು ಜನರನ್ನು ಕೊಂದಿದ್ದಾನಂತೆ, ಎಂಟನೆಯವನಿಗಾಗಿ ಕಾಯುತ್ತಿದ್ದಾನಂತೆ ಅಂದ.

ಬಿಳಿಯರು ತಮ್ಮತಮ್ಮಲ್ಲೇ ಹೊಡೆದಾಡಿದ ಯುದ್ಧದ ಕಾಲದಲ್ಲಿ ನಾನು ಇದೇ ಬೆಲ್ಜಿಯಂನವರ ಮೂಟೆ ಹೊತ್ತು ಸ್ವಾಹಿಲಿ ಕಲಿತಿದ್ದೆ. ಅಧಿಕಾರಿಗೆ ನೇರವಾಗಿ ಹೇಳಬಹುದಿತ್ತು. ಹೇಳಲಿಲ್ಲ. ಹಾರಿ ದುಭಾಷಿಯ ಗಂಟಲು ಹಿಡಿದೆ.

“ಬಿರುದು ಕಣೋ ಅದು, ನಾಯಿ. ನಿಮ್ಮಪ್ಪನೂ ಹೇಳ್ತಿದ್ನಲ್ಲೋ.”

ನಮ್ಮ ಮಾತು ಅಧಿಕಾರಿಗೆ ತಿಳಿಯಲಿಲ್ಲ, ನನ್ನ ಕೈ ಮಾತ್ರ ಕಂಡಿತು. ನಗು ಹೋಯಿತು. ಬರೆಯತೊಡಗಿದ.

ಮುದುಕನನ್ನು ಕಿಗಾಲಿಯ ಜೈಲಿಗೆ ಒಯ್ದರು. ಹುರುಳಿಕಾಯಿ ಕೊಯ್ಲಿಗೆ ಮೊದಲೇ ಅಲ್ಲಿ ಸತ್ತ. ನನಗೂ ಅಣ್ಣನಿಗೂ ನೀರುಕುದುರೆ ಚರ್ಮದ ಚಾಟಿಯಲ್ಲಿ ಹನ್ನೆರಡು ಹನ್ನೆರಡು ಏಟು. ತೋಟ ಬಂಟನಿಗಾಯಿತು.

ನನ್ನ ಮನೆಯಲ್ಲಿ ಬೋರಲು ಬಿದ್ದಿದ್ದ ಅಣ್ಣ ಒಂದೇ ಮಾತು ಕೇಳಿದ. “ಬಾಯಲ್ಲಿ ಸ್ವಾಹಿಲಿ ಇತ್ತಲ್ಲೋ ತಮ್ಮಾ. ಕೈ ಯಾಕೆ ಬೇಕಿತ್ತು?”

ಬೆನ್ನು ಒಣಗಿದ ಮೇಲೆ ಹೆಂಡತಿ, ಕೂಸಿನ ಜೊತೆ ಉಗಾಂಡಕ್ಕೆ ಕೂಲಿಗೆ ಹೋದ. ಸುದ್ದಿಯಿಲ್ಲ.

ನಮ್ಮ ಕಡೆ ವಾರಕ್ಕೆ ಐದೇ ದಿನ, ಅದರಲ್ಲಿ ಎರಡು ದಿನ ಗಶುಗಿ ನನ್ನನ್ನು ಆ ತೋಟದಲ್ಲೇ ಬಿಟ್ಟಿ ಅಗೆಯಲು ಹಾಕಿದ್ದಾನೆ. ಬಂಟ ನನ್ನನ್ನು ಅಮ್ಮ ಅಕ್ಕ ಸೇರಿಸಿ ಬೈಯುತ್ತಾನೆ. ನಾನು ಅಗೆಯುತ್ತೇನೆ. ಕೆಳಗಿನ ತೋಟ ನನ್ನದು, ಅದರ ಗೊನೆಗಳ ಮೇಲೂ ಬಂಟನ ಕಣ್ಣು ಬಿದ್ದಿದೆ, ನಾನು ಇನ್ನೊಮ್ಮೆ ಕೈಯೆತ್ತುವುದನ್ನೇ ಕಾಯುತ್ತಿದ್ದಾನೆ.