ಬೀಜ ಆರಿಸುತ್ತಿದ್ದವನು

ಪೆಟ್ಟಿಗೆ ಬಾಗಿಲಲ್ಲಿ ಸಿಕ್ಕಿಕೊಂಡಿತು. ಹೊತ್ತಿದ್ದ ನಾಲ್ವರೂ ಕೋಕೋ ಗೋದಾಮಿನ ಹಮಾಲರು. ದಿನವಿಡೀ ಮೂಟೆ ತಿರುಗಿಸಿ ಪಳಗಿದವರು. ಆದರೂ ಹಳೆಯ ಗೆಳೆಯನನ್ನು ಓರೆ ಮಾಡಲು ಅವರಿಗೆ ಕೈ ಬರಲಿಲ್ಲ.

“ನಿಧಾನ ಮಾರಾಯಾ, ಮೂಗಿಗೆ ಪೆಟ್ಟಾದೀತು” ಎಂದ ಒಬ್ಬ. ಇನ್ನೊಬ್ಬ ನಗಲು ಹೋಗಿ ಬಿಕ್ಕಿದ.

‘ಮೂಗು’ ಎಂಬುದು ಸತ್ತವನ ಅಡ್ಡಹೆಸರು. ಅದೇ ಗೋದಾಮಿನಲ್ಲಿ ಬೀಜ ಪರೀಕ್ಷಿಸುತ್ತಿದ್ದವನು; ಒಂದು ಬೀಜ ಮೂಸಿದರೆ ಸಾಕು, ಅದು ಬಿಸಿಲಲ್ಲಿ ಒಣಗಿದ್ದೋ ಹೊಗೆ ಕುಡಿದದ್ದೋ ಹೇಳಿಬಿಡುತ್ತಿದ್ದ.

ಚಾಕೊಲೇಟ್ ಅಂಗಡಿಯಾಕೆ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟಳು. ಅವನೊಡನೆ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಸುದ್ದಿ ಕೇಳಿದ ಮೇಲೆ ಮನಸ್ಸು ತಡೆಯದೆ ಬಂದಿದ್ದಳು.

*

ಊರ ಸುತ್ತ ಕಣ್ಣು ಹಾಯಿಸಿದಲ್ಲೆಲ್ಲ ಕೋಕೋ ತೋಟ. ಆದರೆ ಒಳ್ಳೆಯ ಬೀಜವೆಲ್ಲ ಹಡಗು ಹತ್ತುತ್ತಿತ್ತು. ಊರಿಗೆ ಉಳಿಯುತ್ತಿದ್ದುದು ಬೂಸಲು ಹಿಡಿದದ್ದು. ಹಾಗಾಗಿ ಆಕೆ ಹೊರದೇಶದಿಂದ ಬಂದ ಚಾಕೊಲೇಟ್ ಗಟ್ಟಿಗಳನ್ನೇ ಕರಗಿಸಿ ಅಚ್ಚಿಗೆ ಹೊಯ್ಯುತ್ತಿದ್ದಳು. ಒಂದು ದಿನ ಹೆಂಡತಿಗೆಂದು ಕೊಳ್ಳಲು ಬಂದ ‘ಮೂಗು’ ಒಂದು ಚೂರು ಬಾಯಿಗೆ ಹಾಕಿಕೊಂಡು, “ಇದು ಬರೀ ಸಕ್ಕರೆ ಕಣಮ್ಮಾ” ಎಂದ.

ಮುಂದಿನ ಭಾನುವಾರ ತಾನೇ ಬೆಳೆಗಾರರ ಬಳಿ ಹೋಗಿ ಸೈಕಲ್ಲಿನಲ್ಲಿ ಒಂದು ಚೀಲ ತಂದ. ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು, ಹಿಡಿಹಿಡಿಯಾಗಿ ಎತ್ತಿ, ನಡುನಡುವೆ ಒಂದೊಂದನ್ನು ಚಾಕುವಿನಿಂದ ಸೀಳಿ ತೋರಿಸಿದ. ಒಳಗೆ ಕಂದು ಇದ್ದರೆ ಹದ. ನೇರಳೆ ಇದ್ದರೆ ಇನ್ನೂ ಸರಿಯಾಗಿ ಹುಳಿ ಬಂದಿಲ್ಲ. ಐದು ವರ್ಷದ ಭಾನುವಾರಗಳು ಹಾಗೆಯೇ ಕಳೆದವು.

ಆಮೇಲೆ ಇದ್ದಕ್ಕಿದ್ದಂತೆ ಬರುವುದು ನಿಲ್ಲಿಸಿದ. ಕೇಳಿದರೆ ಮಂಡಿನೋವು ಅಂದ. ಅದೇ ವಾರ ಅವನು ಸಿಮೆಂಟಿನ ಗೋದಾಮಿನಲ್ಲಿ ಚೀಲ ಹೊರುವುದನ್ನು ಆಕೆ ಕಂಡಳು. ಹೆಚ್ಚು ಕೂಲಿಯ ಆಸೆಗೆ ಅಲ್ಲಿಗೆ ಹೋಗಿದ್ದಾನೆ, ನನ್ನ ಬೀಜಕ್ಕೆ ಮಾತ್ರ ಇವನ ಮಂಡಿ ನೋಯುತ್ತದಾ ಎಂದು ಮೈಯೆಲ್ಲ ಉರಿಯಿತು. ಅಂದಿನಿಂದ ಎದುರಾದರೂ ಮುಖ ತಿರುಗಿಸಿದಳು.

*

ಮಣ್ಣು ಮಾಡಿ ಬಂದವರೆಲ್ಲ ಹೊರಟುಹೋದರು. ಬೀರುವಿನಿಂದ ಒಂದು ಟವೆಲ್ ತೆಗೆದುಕೊಡಿ ಎಂದು ಅವನ ಹೆಂಡತಿ ಅಂಗಡಿಯಾಕೆಯನ್ನು ಕೇಳಿದಳು. ಬೀರು ತೆರೆದರೆ ಬಾಗಿಲಿನ ಒಳಬದಿಗೆ ಮೂರು ವರ್ಷದ ಹಿಂದಿನ ಪತ್ರಿಕೆಯ ತುಣುಕೊಂದು ಅಂಟಿತ್ತು. ಅದರಲ್ಲಿ ಅಂಗಡಿಯಾಕೆಯದೇ ಫೋಟೋ, ಆಕೆಯದೇ ಮಾತು. ಒಂದು ಸಾಲಿನ ಕೆಳಗೆ ಪೆನ್ಸಿಲ್ ಗೆರೆ: ‘ಈ ರುಚಿ ನನ್ನದಲ್ಲ, ಬೀಜ ಆರಿಸಿಕೊಡುವ ರಫ್ತು ಗೋದಾಮಿನ ಅಣ್ಣನದು.’

“ಅದನ್ನ ಕಂಪನಿಯವರೂ ಓದಿದ್ರು, ಅಕ್ಕಾ” ಎಂದಳು ಹೆಂಡತಿ.

ಕಂಪನಿಯ ಆಳು ಹೊರಗಿನವರಿಗೆ ಬೀಜ ಕೊಡಿಸುವಂತಿರಲಿಲ್ಲವಂತೆ. ಇಪ್ಪತ್ತೆರಡು ವರ್ಷದ ಕೆಲಸ ಒಂದೇ ಮಧ್ಯಾಹ್ನದಲ್ಲಿ ಹೋಯಿತು. ಬೇರೆ ಕೋಕೋ ಗೋದಾಮಿನವರು ಯಾರೂ ಕೆಲಸಕ್ಕೆ ಕರೆಯಲಿಲ್ಲ. ಸಿಮೆಂಟಿನ ಧೂಳಿಗೆ ಮೊದಲು ಮೂಗಿಗೆ ವಾಸನೆ ತಿಳಿಯುವುದು ಹೋಯಿತು, ಆಮೇಲೆ ಎದೆ ಹೋಯಿತು.

“ನನಗೊಂದು ಮಾತು ಹೇಳಬಾರದಿತ್ತಾ?”

“ಹೇಳ್ಬೇಡ ಅಂದಿದ್ರು. ಹೊಗಳೋಕೆ ಹೋಗಿ ಹೀಗಾಯ್ತಲ್ಲ ಅಂತ ನೀವು ಕೊರಗ್ತೀರ ಅಂದ್ರು. ಅವರಿರೋವರೆಗೂ ನಾನು ಬಾಯಿ ಬಿಡಲಿಲ್ಲ.”

“ಮತ್ತೆ ಇದನ್ನ ಯಾಕೆ ಅಂಟಿಸಿಕೊಂಡ್ರು?”

“ಅವರ ವಿಷಯ ಪೇಪರಲ್ಲಿ ಬಂದಿದ್ದು ಅದೊಂದೇ ಅಲ್ವಾ. ದಿನಾ ಶರ್ಟ್ ತೆಗೆಯುವಾಗ ಓದೋರು.”

ಅಂಗಡಿಯಾಕೆಗೆ ಬೀರುವಿನ ಬಾಗಿಲು ಮುಚ್ಚಲಾಗಲಿಲ್ಲ. ಬೆಳಿಗ್ಗೆ ಒಗೆದು ಹಾಕಿದ್ದ ಅವನ ಹೊದಿಕೆ ಒಣಗಿತ್ತು. ಹೆಂಡತಿ ಅದನ್ನು ತಂದು ಒಂದು ತುದಿ ಅವಳ ಕೈಗೆ ಕೊಟ್ಟಳು. ಇಬ್ಬರೂ ಕೊಡವಿ, ಎಳೆದು, ಅರ್ಧಕ್ಕೆ ಮಡಚಿ, ಒಬ್ಬರ ಕಡೆಗೊಬ್ಬರು ನಡೆದರು. ಅಂಚುಗಳು ಕೂಡಿದಾಗ ಹೆಂಡತಿ, ಬೆರಳಿಗೆ ಬೆರಳು ತಾಗದಂತೆ, ಬಟ್ಟೆಯನ್ನು ಅವಳ ಕೈಯಿಂದ ಬಿಡಿಸಿಕೊಂಡಳು.