ಔದೆಯ ಮನೆಯ ಕಾಫಿ

"ವಿಧಿಯಂತೆ! ದೇವರ ಚಿತ್ತವಂತೆ! ಮಣ್ಣಂಗಟ್ಟಿ!"

ಅಬೂನಾ ನಕೂಲಾ ಪತ್ರಿಕೆಯನ್ನು ಮೇಜಿಗೆ ಬಡಿದರು. ಈ ಪಾದ್ರಿಯ ಸಿಟ್ಟು ಮಾದಬಾ ಊರಿಗೆಲ್ಲ ಗೊತ್ತಿದ್ದದ್ದೇ. ಪ್ರಾರ್ಥನೆಯ ನಡುವೆ ಯಾರದಾದರೂ ಫೋನು ಕೂಗಿದರೆ ಸಾಕು, ಧೂಪದ ತಟ್ಟೆ ಹಿಡಿದೇ ಗದರುವ ಮನುಷ್ಯ. ಆದರೆ ಅದು ಹಾಲಿನ ಉಕ್ಕು, ಬಂದಷ್ಟೇ ಬೇಗ ಇಳಿಯುತ್ತಿತ್ತು. ಈ ಸಲದ್ದು ಮೂರು ದಿನವಾದರೂ ಇಳಿದಿರಲಿಲ್ಲ.

ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿ. ಪರೀಕ್ಷೆಯ ಫಲಿತಾಂಶದ ಸಂಭ್ರಮದಲ್ಲಿ ಹಾರಿದ ಗುಂಡಿಗೆ ವಿಧಿವಶಾತ್ ಬಾಲಕಿಯೊಬ್ಬಳು ಬಲಿ. ಬಾಲಕಿಗೆ ಹೆಸರಿಲ್ಲ, ಹಾರಿಸಿದವನಿಗೂ ಹೆಸರಿಲ್ಲ. ಗುಂಡು ತನ್ನಿಂದ ತಾನೇ ಗೂಡಿನಿಂದ ಎದ್ದು ಹಾರಿತು ಅನ್ನುವ ಹಾಗೆ!

ಹೆಸರಿಲ್ಲದೆ ಏನು? ಸತ್ತವಳು ಮೈಸ್. ಶಾಲೆಯ ಬಸ್ಸು ಓಡಿಸುವ ಔದೆಯ ಒಬ್ಬಳೇ ಮಗಳು. ತಾರಸಿಯ ಮೇಲೆ ಒಣಗಿದ ಬಟ್ಟೆ ತರಲು ಹೋದ ಕೂಸು, ಅಪ್ಪನ ಅಂಗಿಯನ್ನು ಅಪ್ಪಿಕೊಂಡೇ ಬಿದ್ದಿತ್ತು. ಅವಳಿಗೆ ಜ್ಞಾನಸ್ನಾನ ಮಾಡಿಸಿದ್ದು ಅಬೂನಾ, ಮಣ್ಣು ಹಾಕಿದ್ದೂ ಅಬೂನಾ. ಹಾರಿಸಿದವನು ಯಝನ್, ಕಂಟ್ರಾಕ್ಟರ್ ನಾಯೆಫ್ ಬೇಗ್‌ನ ಮಗ. ಪಾಸಾದ ಖುಷಿಗೆ ಕಾರಿನ ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಬಂದೂಕಿನ ಕುದುರೆ ಎಳೆದ ಮಹಾರಾಯ. ಅವನಪ್ಪ ಈ ಸಲ ಪಾರ್ಲಿಮೆಂಟಿಗೆ ನಿಂತಿದ್ದಾನೆ. ಔದೆಯ ಬೀದಿಯ ತುದಿಯಲ್ಲೇ ಅವನ ಹಲ್ಲುಕಿರಿದ ಮುಖದ ಬ್ಯಾನರು ತೂಗುತ್ತಿದೆ. ಅದನ್ನು ಇಳಿಸಬೇಕು ಅಂತ ಒಬ್ಬರಿಗೂ ಹೊಳೆದಿಲ್ಲ.

ಶುಕ್ರವಾರ ಇಗರ್ಜಿ ಸಮಿತಿಯ ಅಧ್ಯಕ್ಷ ಡಾಕ್ಟರ್ ಫವ್ವಾಝ್ ಬಂದು ಕುರ್ಚಿ ಎಳೆದು ಕೂತ.

"ಅಬೂನಾ, ಭಾನುವಾರ ಮಧ್ಯಾಹ್ನ ಜಾಹಾ ಹೊರಡುತ್ತೆ. ನೀವೇ ಮುಂದಾಳು. ಔದೆ ಮನೆತನದ ಹಿರಿಯರು ಆಗಲೇ ತಲೆ ಆಡ್ಸಿದ್ದಾರೆ, ನೀವು ಬಾಯಿಬಿಟ್ಟು ಕೇಳಿದ್ರೆ ಮುಗೀತು."

ಜಾಹಾ ಅಂದರೆ ಹೀಗೆ: ತಪ್ಪು ಮಾಡಿದವನ ಕಡೆಯಿಂದ ಊರ ಹಿರಿಯರು ನೊಂದವರ ಮನೆಗೆ ಹೋಗುತ್ತಾರೆ. ಮುಂದಾಳಿನ ಕೈಗೆ ಕಾಫಿಯ ಬಟ್ಟಲು ಬರುತ್ತದೆ. ಅವನು ಕುಡಿಯದೆ ಅದನ್ನು ಎದುರಿಗಿಟ್ಟು, ನಮ್ಮ ಬೇಡಿಕೆ ನಡೆಸಿಕೊಟ್ಟರೆ ಮಾತ್ರ ಕುಡಿಯುತ್ತೇನೆ ಎನ್ನುತ್ತಾನೆ. ಬಟ್ಟಲು ಹಾಗೇ ಆರಿಹೋದರೆ ಮನೆಯವನ ಮಾನ ಹೋಯಿತು. ಹಾಗಾಗಿ ಯಾರೂ ಇಲ್ಲ ಎನ್ನುವುದಿಲ್ಲ. ಔದೆ ಒಮ್ಮೆ ಕ್ಷಮಿಸಿದೆ ಎಂದರೆ ಕೋರ್ಟಿನಲ್ಲಿ ಶಿಕ್ಷೆ ಕರಗುತ್ತದೆ, ಯಝನ್ ಕ್ರಿಸ್‌ಮಸ್‌ಗೆ ಮನೆಯಲ್ಲಿ ಕೂತು ಕುರಿಮಾಂಸ ತಿನ್ನುತ್ತಾನೆ.

"ಹುಡುಗ ಬಂದು ತಪ್ಪಾಯ್ತು ಅಂದನಾ?" ಅಬೂನಾ ಕೇಳಿದರು.

"ಅವನು ಹೆದರಿಬಿಟ್ಟಿದ್ದಾನೆ. ವಕೀಲರು ಬಾಯೇ ಬಿಡಬೇಡ ಅಂದಿದ್ದಾರೆ."

"ಓಹೋ! ಪಶ್ಚಾತ್ತಾಪಕ್ಕೂ ವಕೀಲರ ಅಪ್ಪಣೆ ಬೇಕಾಯ್ತೋ?"

"ಏಳೆಪ್ಪತ್ತು ಸಲ ಕ್ಷಮಿಸಬೇಕು ಅಂತ ಪೀಠದ ಮೇಲಿಂದ ಹೇಳೋರು ನೀವೇ ಅಲ್ವಾ ಅಬೂನಾ? ಈಗ ನೀವೇ ಹಿಂಗಂದ್ರೆ?" ಫವ್ವಾಝ್ ದನಿ ತಗ್ಗಿಸಿದ. "ಇಗರ್ಜಿಯ ಚಾವಣಿ ಸರಿ ಮಾಡಿಸಿದ್ದು ಯಾರು ಅನ್ನೋದನ್ನೂ ಸ್ವಲ್ಪ ನೆನಪಿಟ್ಕೊಳ್ಳಿ. ನೀವು ಬರದಿದ್ರೆ ಬಿಷಪ್‌ರನ್ನೇ ಕರ್ಕೊಂಡು ಬರ್ತೀವಿ."

ಅವನು ಹೋದ ಮೇಲೆ ಅಬೂನಾಗೆ ಮೈಯೆಲ್ಲ ಉರಿಯಿತು. ವೇದವನ್ನು ಇವರು ಓದುವ ರೀತಿ ನೋಡು! ತಮಗೆ ಬೇಕಾದ ಸಾಲನ್ನು ಮುಳ್ಳು ಬಿಟ್ಟು ಮೀನು ಬಿಡಿಸಿದ ಹಾಗೆ ಬಿಡಿಸಿ ಬಾಯಿಗಿಟ್ಟುಕೊಳ್ಳುತ್ತಾರೆ. ಸಹೋದರ ತಪ್ಪು ಮಾಡಿದರೆ ಮೊದಲು ಅವನನ್ನು ಗದರು ಎಂದವನೂ ಅದೇ ಯೇಸುವಲ್ಲವೇ? ತಿರುಗಿ ಬಂದು ತಪ್ಪಾಯಿತು ಎಂದರೆ ಕ್ಷಮಿಸು ಎಂದಲ್ಲವೇ? ಹೆರೋದ ದೊರೆ ಕೂಸುಗಳನ್ನು ಕೊಂದಾಗ ತಾಯಿ ರಾಹೇಲಳು ಸಮಾಧಾನವೇ ಬೇಡ ಎಂದು ಅತ್ತಳು. ಇಡೀ ಗ್ರಂಥದಲ್ಲಿ ಯಾರೂ ಅವಳ ಬಳಿ ಹೋಗಿ, ಸಾಕಮ್ಮಾ, ಹೆರೋದ ಈ ಸಲ ಪಾರ್ಲಿಮೆಂಟಿಗೆ ನಿಂತಿದ್ದಾನೆ, ಸ್ವಲ್ಪ ದೊಡ್ಡ ಮನಸ್ಸು ಮಾಡು ಅನ್ನಲಿಲ್ಲ. ಯೇಸುವನ್ನು ಶಿಲುಬೆಗೆ ಒಪ್ಪಿಸಿದ ಪಿಲಾತನಾದರೂ ನೀರಿನಲ್ಲಿ ಕೈ ತೊಳೆದುಕೊಂಡ. ಇವರಿಗೆ ಕೈ ತೊಳೆಯಲು ಹೆತ್ತವರ ಮನೆಯ ಕಾಫಿಯೇ ಬೇಕು! ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ಆ 'ದೇವರ ಚಿತ್ತ' ಎನ್ನುವ ಮಾತು. ಕುದುರೆ ಎಳೆದದ್ದು ಯಝನ್‌ನ ಬೆರಳು. ಕೊಲೆಯನ್ನು ದೇವರ ತಲೆಗೆ ಕಟ್ಟುವವರು ಮುಂದಿನ ಸಾಲಿನಲ್ಲಿ ಕೂತು ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರಲ್ಲ, ಇವರ ಮುಖಕ್ಕಿಷ್ಟು!

ಭಾನುವಾರ ಬೆಳಗಿನ ಪೂಜೆ ಮುಗಿದು ಎಲ್ಲರೂ ಹೊರಟ ಮೇಲೆ ಔದೆಯ ಹೆಂಡತಿ ಹಿಯಾಮ್ ಬಂದು ನಿಂತಳು. ಕರಿಯ ಬಟ್ಟೆಯಲ್ಲಿ ಅವಳು ಅರ್ಧಕ್ಕೆ ಇಳಿದುಹೋಗಿದ್ದಳು.

"ಮಧ್ಯಾಹ್ನ ಬರ್ತೀರಂತೆ ಅಬೂನಾ."

"ಕರೆದಿದ್ದಾರೆ ಮಗಳೇ."

"ಬರಬೇಡಿ. ಔದೆ ನಾಯೆಫ್ ಬೇಗ್‌ಗೆ ಇಲ್ಲ ಅಂತಾನೆ, ಯಾವ ಪಾಶಾ ಬಂದ್ರೂ ಇಲ್ಲ ಅಂತಾನೆ. ನಿಮಗೆ ಇಲ್ಲ ಅನ್ನೋಕೆ ಅವನಿಗೆ ಬಾಯಿಲ್ಲ. ನೀವು ಬಟ್ಟಲು ಕೆಳಗಿಟ್ರೆ ಮುಗೀತು, ಅವನು ಕೊಟ್ಟುಬಿಡ್ತಾನೆ. ಕೊಟ್ಟಮೇಲೆ ಬದುಕಲ್ಲ."

"ನಾನು ಬರದಿದ್ರೆ ಬಿಷಪ್‌ರನ್ನ ಕರ್ಕೊಂಡು ಬರ್ತಾರಮ್ಮ."

ಹಿಯಾಮ್ ಅವರನ್ನೇ ದಿಟ್ಟಿಸಿದಳು. "ಹಂಗಾದ್ರೆ ನೀವೇ ಬನ್ನಿ. ಅವಳನ್ನ ಒಂದ್ಸಲ ಹೂತದ್ದು ಸಾಲ್ಲಿಲ್ಲ, ಇವತ್ತು ಇನ್ನೊಂದ್ಸಲ ಹೂಳಿ."

ಅಬೂನಾರ ಕೈಗೆ ಮುತ್ತಿಡದೆ ಅವಳು ಹೊರಟುಹೋದಳು. ಅಷ್ಟು ವರ್ಷದಲ್ಲಿ ಅವಳು ಹಾಗೆ ಹೋದದ್ದು ಅದೇ ಮೊದಲು.

ಮಧ್ಯಾಹ್ನ ಔದೆಯ ಬೀದಿಯಲ್ಲಿ ಡೇರೆ ಹಾಕಿದ್ದರು. ಕ್ರೈಸ್ತರು, ಮುಸ್ಲಿಮರು, ಊರಿನ ದೊಡ್ಡವರೆಲ್ಲ ನಿಲುವಂಗಿ ತೊಟ್ಟು ಬಂದಿದ್ದರು. ಅಬೂನಾ ಎಲ್ಲರಿಗಿಂತ ಮುಂದೆ, ಅವರ ಪಕ್ಕದಲ್ಲಿ ನಾಯೆಫ್ ಬೇಗ್, ಆಚೆಗೆ ಫವ್ವಾಝ್. ಎದುರಿನ ಸಾಲಿನ ನಡುವೆ ಔದೆ ಕುಗ್ಗಿ ಕೂತಿದ್ದ. ಅಬೂನಾರನ್ನು ಕಂಡು ಅವನ ಮುಖ ಇನ್ನಷ್ಟು ಬಿದ್ದುಹೋಯಿತು. ಮನೆಯ ಕಿಟಕಿಯಲ್ಲಿ ಹೆಂಗಸರು, ಅವರ ನಡುವೆ ಹಿಯಾಮ್. ಅವಳು ಅಳುತ್ತಿರಲಿಲ್ಲ. ಅಳುತ್ತಿದ್ದರೆ ಅಬೂನಾಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

"ಎಲ್ಲಾ ವಿಧಿ ಕಣಪ್ಪಾ," ಎಂದು ಹಿಂದಿನಿಂದ ಯಾರೋ ನಿಟ್ಟುಸಿರಿಟ್ಟರು. ನಾಯೆಫ್ ಬೇಗ್ ಹೌದೆಂದು ತಲೆಯಾಡಿಸಿದ.

ಔದೆಯ ತಮ್ಮ ಹಿತ್ತಾಳೆಯ ಹೂಜಿಯಿಂದ ಕಹಿ ಕಾಫಿ ಬಗ್ಗಿಸಿ ಮೊದಲ ಬಟ್ಟಲನ್ನು ಅಬೂನಾರ ಕೈಗಿತ್ತ. ಎಲ್ಲರ ಕಣ್ಣೂ ಆ ಕೈಯ ಮೇಲೆ. ಇನ್ನೇನು ಬಟ್ಟಲು ಎದುರಿನ ಸಣ್ಣ ಮೇಜಿನ ಮೇಲಿಳಿಯಬೇಕು. ಫವ್ವಾಝ್ ಆಗಲೇ ಗಂಟಲು ಸರಿಮಾಡಿಕೊಂಡ.

ಬಿಷಪ್‌ರ ಕೋಪ, ಬೇರೆ ಊರಿಗೆ ವರ್ಗ, ಎಲ್ಲವೂ ಕಣ್ಣ ಮುಂದೆ ಬಂದುಹೋಯಿತು. ಬರಲಿ, ಏನು ಬೇಕಾದರೂ ಬರಲಿ! ಅವರು ಬಟ್ಟಲನ್ನು ತುಟಿಗೆತ್ತಿ ಒಂದೇ ಗುಟುಕಿಗೆ ಕುಡಿದುಬಿಟ್ಟರು.

ಅಬೂನಾ ಖಾಲಿ ಬಟ್ಟಲನ್ನು ಸಾಕೆಂಬಂತೆ ಅಲ್ಲಾಡಿಸಿ ಔದೆಯ ತಮ್ಮನಿಗೆ ಹಿಂದಿರುಗಿಸಿದರು.

"ಅಬೂನಾ!" ಫವ್ವಾಝ್ ಹಲ್ಲು ಕಚ್ಚಿ ಪಿಸುಗುಟ್ಟಿದ. "ಬೇಡಿಕೆ! ಬೇಡಿಕೆ ಇಡ್ಲೇ ಇಲ್ಲ ನೀವು!"

"ಬೇಡಿಕೆ ಇಲ್ಲ," ಅಬೂನಾ ಗಟ್ಟಿಯಾಗಿಯೇ ಹೇಳಿದರು. "ಔದೆ, ನಮ್ಮ ಮೈಸ್‌ಗೆ ದೇವರು ಶಾಂತಿ ಕೊಡಲಿ. ದುಃಖ ಹೇಳೋಕೆ ಬಂದ್ವಿ, ಹೇಳಿದ್ವಿ. ಗುಂಡು ಹೊಡೆದವನು ತನ್ನ ಕಾಲ ಮೇಲೆ ಬರಲಿ, ತನ್ನ ಬಾಯಲ್ಲಿ ಕೇಳಲಿ. ಆಮೇಲೆ ಕೊಡೋದು ಬಿಡೋದು ನಿಂಗೂ ಹಿಯಾಮ್‌ಗೂ ಬಿಟ್ಟಿದ್ದು. ಇನ್ನೊಬ್ಬನ ತಪ್ಪಿಗೆ ನಾನು ಕ್ಷಮೆ ಬೇಡಲ್ಲ. ಇದನ್ನ ದೇವರು ಮಾಡ್ದ ಅಂತ ಇಲ್ಲಿ ಇನ್ನೊಬ್ಬ ಅಂದ್ರೆ, ನಾನು ಸುಮ್ಮನಿರಲ್ಲ!"

ಮುಂದಾಳು ಕುಡಿದ ಮೇಲೆ ಉಳಿದವರು ಬಟ್ಟಲು ಕೆಳಗಿಟ್ಟರೆ ಅದು ಬೇಡಿಕೆಯಾಗುವುದಿಲ್ಲ, ಆ ಮನೆಗೆ ಮಾಡಿದ ಅವಮಾನವಾಗುತ್ತದೆ. ಔದೆಯ ತಮ್ಮ ಅದೇ ಬಟ್ಟಲಿಗೆ ಕಾಫಿ ಬಗ್ಗಿಸಿ ನಾಯೆಫ್ ಬೇಗ್‌ನ ಮುಂದೆ ಹಿಡಿದ. ಅವನು ತೆಗೆದುಕೊಂಡ. ಬೇಡಿಕೆ ಬಿಟ್ಟುಕೊಟ್ಟು ಕುಡಿಯಲೂ ಆಗದೆ, ಇಡಲೂ ಆಗದೆ, ಕೆಂಪಾದ ಮುಖದಲ್ಲಿ ಅದನ್ನು ಹಿಡಿದು ಕೂತ.

ಔದೆ ಮೆಲ್ಲಗೆ ಎದ್ದು ನಿಂತ. ಬೆನ್ನು ನೆಟ್ಟಗಾಗಿತ್ತು, ಕೆನ್ನೆ ಪೂರ್ತಿ ಒದ್ದೆ.

"ಕುಡೀರಿ ಬೇಗ್," ಎಂದ. "ನನ್ನ ಮಗಳ ಹೆಸರಲ್ಲಿ ಬಂದೋರಿಗೆಲ್ಲ ಕಾಫಿ ಇದೆ. ಕೊಡೋಕೆ ನನ್ನ ಹತ್ರ ಬೇರೇನೂ ಇಲ್ಲ."