ಥಂಡಿ ಪೆಟ್ಟಿಗೆಯ ಹದಿನಾಲ್ಕು ಸೂಜಿ

ತಿಕೋಟಾದಿಂದ ಬಬಲೇಶ್ವರದ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರ ದವಾಖಾನೆ. ಆರು ಮಂಚ, ಒಂದು ಹೆರಿಗೆ ಕೋಣೆ, ಅಂಗಳದಲ್ಲೊಂದು ಬೇವಿನ ಗಿಡ. ಅಲ್ಲಿ ಸಿಗದ ಇಲಾಜು ಭೂಲೋಕದಲ್ಲಿ ಇರಲಿಲ್ಲ. ಜ್ವರಕ್ಕೆ ಕೆಂಪು ಔಷಧ, ಹೊಟ್ಟೆನೋವಿಗೆ ಬಿಳಿ ಔಷಧ, ಎರಡೂ ಬೇನೆ ಇದ್ದವರಿಗೆ ಎರಡನ್ನೂ ಕೂಡಿಸಿದ ಗುಲಾಬಿ ಔಷಧ. ಗುಲಾಬಿಯದು ನನ್ನ ಸ್ವಂತ ಶೋಧ. ನಾನು ರೇವಪ್ಪ, ಅಲ್ಲಿಯ ಕಂಪೌಂಡರ. ಡಾಕ್ಟರು ವಿಜಾಪುರದಿಂದ ಸೋಮವಾರ, ಗುರುವಾರ ಫಟಫಟಿಯ ಮೇಲೆ ಬಂದು ಹೋಗುತ್ತಿದ್ದರು. ಉಳಿದ ಐದು ದಿನ ದವಾಖಾನೆ ಎಂದರೆ ನಾನೇ. ನನ್ನ ಸೂಜಿ ಎಷ್ಟು ಹಗುರವೆಂದರೆ ಕಾಖಂಡಕಿಯ ಗಟ್ಟಿಮುಟ್ಟಾದ ಗಂಡಸರು ಏನೂ ಬೇನೆ ಇಲ್ಲದೆ ಬಸ್ಸು ಹತ್ತಿ ಬಂದು ಚುಚ್ಚಿಸಿಕೊಂಡು ಹೋಗುತ್ತಿದ್ದರು.

ಎಪ್ಪತ್ನಾಲ್ಕನೆಯ ಇಸವಿಯಲ್ಲಿ ನಮಗೆ ಚಿಮಣಿ ಎಣ್ಣೆಯಿಂದ ನಡೆಯುವ ಒಂದು ಫ್ರಿಜ್ಜು ಬಂತು. ಜನ ಅದನ್ನು ಥಂಡಿ ಪೆಟ್ಟಿಗೆ ಎಂದರು. ಅದರ ಬಾಗಿಲನ್ನು ಒಂದು ತಾಸು ತೆರೆದಿಟ್ಟರೆ ಭೂತನಾಳದ ಕೆರೆ ಹೆಪ್ಪುಗಟ್ಟಿ ಅದರ ಮೇಲೆ ಚಕ್ಕಡಿ ಹೊಡೆಯಬಹುದು ಎಂದು ನಾನು ಹೇಳಿದೆ. ಅರ್ಧ ಊರು ನಂಬಿತು, ಉಳಿದರ್ಧ ಗಾಲಿಗೆ ಎಣ್ಣೆ ಹಾಕಿಕೊಂಡು ಕಾಯಿತು. ದಿನಕ್ಕೆ ಸಾವಿರ ಮಂದಿ ನೋಡಲು ಬರುತ್ತಿದ್ದರು. ಸಾವಿರ ಅಲ್ಲದಿದ್ದರೆ ನಲವತ್ತು. ಪ್ರತಿಯೊಬ್ಬರ ಅಂಗೈಗೂ ಒಂದು ಚೂರು ಬರ್ಫ ಇಡುತ್ತಿದ್ದೆ. ಮುದುಕಿಯರು ಅದನ್ನು ಕಣ್ಣಿಗೆ ಒತ್ತಿಕೊಂಡು ನನಗೆ ಕೈಮುಗಿಯುತ್ತಿದ್ದರು.

ಆ ಪೆಟ್ಟಿಗೆ ಬಂದದ್ದು ಬರ್ಫಕ್ಕಲ್ಲ, ಹುಚ್ಚುನಾಯಿ ಕಡಿತದ ಔಷಧಕ್ಕೆ. ಹೊಕ್ಕುಳದ ಸುತ್ತ ದಿನಕ್ಕೊಂದರಂತೆ ಹದಿನಾಲ್ಕು ಸೂಜಿ. ಔಷಧವನ್ನು ನಡುವಿನ ತಟ್ಟೆಯಲ್ಲಿ ಇಡಬೇಕೆಂದು ಡಾಕ್ಟರು ಹೇಳಿದ್ದರು. ನಾನು ಮೇಲಿನ ಬರ್ಫದ ಖಾನೆಯಲ್ಲಿ ಇಟ್ಟೆ. ಥಂಡಿ ಒಳ್ಳೆಯದಾದರೆ ಹೆಚ್ಚು ಥಂಡಿ ಇನ್ನೂ ಒಳ್ಳೆಯದು. ಅದೂ ಅಲ್ಲದೆ ನಡುವಿನ ತಟ್ಟೆಯಲ್ಲಿ ನನ್ನ ಮಜ್ಜಿಗೆಯ ಗಡಿಗೆಗೆ ಜಾಗ ಬೇಕಿತ್ತು. ಜಿಲ್ಲೆಯಲ್ಲೇ ಅತಿ ಥಂಡಿ ಔಷಧ ನಮ್ಮದು ಎಂದು ಊರಿಗೆಲ್ಲ ಸಾರಿದೆ.

ನರ್ಸಬಾಯಿ ಹಾಜಿರಾಬಿ ಒಂದು ಶೀಶೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಒಳಗೆ ಒಡೆದ ಹಾಲಿನಂತೆ ಚೂರು ತೇಲುತ್ತಿದ್ದವು.

"ಹೆಪ್ಪುಗಟ್ಟಿದ ಔಷಧ ಸತ್ತಂಗ ರೀ, ರೇವಪ್ಪನವರ. ಚೆಲ್ಲಿ, ವಿಜಾಪುರದಿಂದ ಬ್ಯಾರೆ ತರಸ್ರಿ."

"ಸತ್ತಿದ್ರ ಅಳಾಕ ನೀವು ಇದ್ದೀರಲ್ರಿ ಬಾಯಾರ," ಎಂದು ನಕ್ಕೆ. ಹೊಸದು ತರಿಸಲು ಬರೆಯಬೇಕು, ಬರೆದರೆ ಹಳೆಯದು ಏನಾಯಿತೆಂದು ಡಾಕ್ಟರು ಕೇಳುತ್ತಾರೆ. ಮುಂದಿನ ವಾರವೇ ಡಾಕ್ಟರು ತಂಗಿಯ ಮದುವೆಗೆಂದು ಇಪ್ಪತ್ತು ದಿನ ರಜೆ ಹೋದರು. ಆ ಇಪ್ಪತ್ತು ದಿನ ನಾನು ಡಾಕ್ಟರ ಕುರ್ಚಿಯಲ್ಲಿ ಕೂತೆ. ಕುರ್ಚಿಗೆ ನಾನೇ ಹೆಚ್ಚು ಒಪ್ಪುತ್ತಿದ್ದೆ.

ಮೂರನೆಯ ದಿನ ಅಮೋಘಿ ಬಂದ. ಮಮದಾಪುರದ ಕುರಿಗಾರ. ಗೊಬ್ಬರಕ್ಕೆಂದು ನಮ್ಮೂರ ಹೊಲದಲ್ಲಿ ಕುರಿ ತರುಬಿದ್ದ. ಹಿಂದೆ ಹೆಂಡತಿ ಬೋರವ್ವ. ಅವನ ಮೀನಖಂಡದಲ್ಲಿ ನಾಲ್ಕು ಹಲ್ಲಿನ ಗಾಯ.

"ನಮ್ಮ ಕುರಿ ಕಾಯೂ ನಾಯೀನ ರೀ ಸಾಹೇಬ್ರ," ಎಂದ. "ಎರಡು ದಿನದಿಂದ ಜೊಲ್ಲು ಸುರಸಾಕತ್ತಿತ್ತು. ಮೊನ್ನಿ ನನಗ ಕಚ್ಚಿ ಇವತ್ತ ಮುಂಜಾನಿ ಸತ್ತೈತಿ."

ಹಾಜಿರಾಬಿ ಗಾಯವನ್ನು ಸಾಬೂನು ಹಚ್ಚಿ ತೊಳೆಯುತ್ತಲೇ ಹೇಳಿದಳು: "ಹನ್ನೊಂದರ ಬಸ್ಸಿಗೆ ವಿಜಾಪುರದ ದೊಡ್ಡ ದವಾಖಾನಿಗೆ ಹೋಗ್ರಿ. ಸೂಜಿ ಅಲ್ಲೇ ಮಾಡಸ್ಕೋರಿ. ಇಲ್ಲಿ ಬ್ಯಾಡ."

ಕಟ್ಟೆಯ ಮೇಲೆ ಬರ್ಫಕ್ಕೆ ಬಂದ ಮಂದಿ ತುಂಬಿದ್ದರು. ಎಲ್ಲರೂ ನನ್ನ ಮುಖ ನೋಡಿದರು. ಜಿಲ್ಲೆಯಲ್ಲೇ ಅತಿ ಥಂಡಿ ಔಷಧ ಇಟ್ಟುಕೊಂಡವನು ರೋಗಿಯನ್ನು ಬಸ್ಸಿಗೆ ಹತ್ತಿಸುವುದೇ?

"ಬಾಯಾರು ಹೊಸಬರು, ಹೆದರ್ಯಾರ," ಎಂದೆ. "ದೊಡ್ಡ ದವಾಖಾನಿಯವರ ನನ್ನ ಕಡೆ ಔಷಧ ಕೇಳಿ ಒಯ್ತಾರ."

"ವಿಜಾಪುರದಾಗ ಹದಿನಾಕು ದಿನ ಇರಬೇಕೇನ್ರಿ?" ಅಮೋಘಿ ಕೇಳಿದ. "ನೂರಾ ಇಪ್ಪತ್ತು ಕುರಿ ಯಾರು ನೋಡ್ಯಾರು?"

"ಇಲ್ಲೇ ಮಾಡತೇನಿ. ದಿನಾ ಬಾ, ಕುರಿ ಕಡೆ ಹೋಗು."

"ಜೀವಕ್ಕೇನೂ ಆಗೂದಿಲ್ಲಲ್ರಿ?"

"ಜೀವಕ್ಕ? ನನ್ನ ಔಷಧ ಒಳಗ ಹೋದ್ರ ಮುಂದ ನಿನಗ ಹುಲಿ ಕಚ್ಚಿದ್ರ ಹುಲಿ ಸಾಯತೈತಿ."

ಕಟ್ಟೆಯ ಮೇಲೆ ನಗು ಎದ್ದಿತು. ಅಮೋಘಿಯೂ ನಕ್ಕ. ಬಸ್ಸು ಹನ್ನೊಂದಕ್ಕೆ ಬಂತು, ಧೂಳೆಬ್ಬಿಸಿ ಹೋಯಿತು. ಹಾಜಿರಾಬಿ ಸೂಜಿ ಕುದಿಸಲು ಒಪ್ಪಲಿಲ್ಲ. ನಾನೇ ಕುದಿಸಿದೆ.

ಸೂಜಿಗೆ ಪಥ್ಯ ಇಲ್ಲದಿದ್ದರೆ ನಮ್ಮ ಕಡೆಯ ಜನ ಅದನ್ನು ಇಲಾಜು ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಎಷ್ಟು ಕಠಿಣ ಪಥ್ಯವೋ ಅಷ್ಟು ದೊಡ್ಡ ಔಷಧ. ಡಾಕ್ಟರು ಹೇಳಿದ್ದು ಶೆರೆ ಕುಡಿಯಬಾರದು, ಮೈದಣಿಯಬಾರದು, ಇಷ್ಟೇ. ಅಷ್ಟಕ್ಕೆ ಯಾರು ಬೆಲೆ ಕೊಡುತ್ತಾರೆ? ನಾನು ಬೋರವ್ವನನ್ನು ಮುಂದೆ ಕೂಡಿಸಿಕೊಂಡೆ. "ಎಣ್ಣಿ ಇಲ್ಲ, ಖಾರ ಇಲ್ಲ, ಮಸರು ಇಲ್ಲ. ಬದನಿಕಾಯಿ ನೆರಳು ಸೈತ ಬೀಳಬಾರದು. ಬಾಡಿನ ವಾಸನಿ ಮೂಗಿಗೆ ಹತ್ತಬಾರದು. ನಲವತ್ತು ದಿನ." ದಿನಕ್ಕೊಂದು ಹೊಸದು ಸೇರಿಸುತ್ತ ಹೋದೆ. ಆಕೆ ಪ್ರತಿಯೊಂದನ್ನೂ ಬಾಯಿಪಾಠ ಮಾಡಿ ಮರುದಿನ ನನಗೆ ಒಪ್ಪಿಸುತ್ತಿದ್ದಳು. ಕಡೆಗೆ ಅವನಿಗೆ ಉಳಿದದ್ದು ಬರೇ ಜೋಳದ ನುಚ್ಚು, ಉಪ್ಪು.

ಅಮೋಘಿಯ ಹೊಟ್ಟೆ ಐದನೆಯ ದಿನಕ್ಕೆ ಬಾತುಕೊಂಡಿತು. ಆದರೂ ನನ್ನ ಮರ್ಯಾದೆ ಕಾಯ್ದ. ಕಟ್ಟೆಯ ಮಂದಿಗೆ "ಇರುವಿ ಕಚ್ಚಿದಂಗ ಅಷ್ಟ" ಎನ್ನುತ್ತಿದ್ದ. ಹತ್ತನೆಯ ದಿನದ ಹೊತ್ತಿಗೆ ಬೇವಿನ ಗಿಡದ ತನಕ ನಡೆದು ಬಂದು ಅಲ್ಲಿ ಕೂತು ದಣಿವಾರಿಸಿಕೊಂಡು ಉಳಿದ ದಾರಿ ಬರುತ್ತಿದ್ದ. ಹಾಜಿರಾಬಿ ದಿನವೂ ಒಂದೇ ಮಾತು ಹೇಳುತ್ತಿದ್ದಳು: "ಇನ್ನೂ ಹೊತ್ತು ಮೀರಿಲ್ಲ, ಕಳಸ್ರಿ." ನಾನು ದಿನವೂ ಒಂದೇ ಉತ್ತರ ಕೊಡುತ್ತಿದ್ದೆ: "ಸೂಜಿ ಎಣಸ್ರಿ ಬಾಯಾರ, ಬಸ್ಸ ಎಣಸಬ್ಯಾಡ್ರಿ."

ಹದಿನಾಲ್ಕನೆಯ ಸೂಜಿಯ ದಿನ ಅವನು ಒಂದು ಟಗರನ್ನು ಎಳೆದು ತಂದ. ಅಂಥ ಟಗರನ್ನು ಆದಿಲಶಾಹಿ ಸುಲ್ತಾನರೂ ಕಂಡಿರಲಿಲ್ಲ. ಕೊಂಬು ಸುತ್ತಿ ಸುತ್ತಿ ಕಿವಿಯೊಳಗೆ ಹೋಗಿದ್ದವು. ನಾನು ಬೇಡ ಎಂದು ಒಮ್ಮೆ ಹೇಳಿ, ಎರಡನೆಯ ಸಲ ಸುಮ್ಮನಾದೆ. ದವಾಖಾನೆಯ ಹಿಂದೆಯೇ ಬೋರವ್ವ ಅಡಿಗೆ ಮಾಡಿದಳು. ಇಪ್ಪತ್ತು ಮಂದಿ ಉಂಡೆವು. ಅಮೋಘಿ ಗಾಳಿಗೆ ಎದುರಾಗಿ, ವಾಸನೆ ಬಾರದಂತೆ ದೂರ ಕೂತಿದ್ದ.

ಡಾಕ್ಟರು ಬಂದರು, ರಿಜಿಸ್ಟರ ನೋಡಿದರು, "ಹದಿನಾಲ್ಕೂ ಆದವಾ? ಶಹಬ್ಬಾಸ," ಎಂದರು. ಹಾಜಿರಾಬಿ ಬಾಯಿ ತೆರೆಯುವ ಮೊದಲೇ ನಾನು ಬರ್ಫದ ಖಾನೆ ಖಾಲಿ ಮಾಡಿದ್ದೆ. ಅವಳು ಹೇಳಿದಳು, ಡಾಕ್ಟರು ಪೆಟ್ಟಿಗೆ ತೆರೆದು ನೋಡಿದರು. ನಡುವಿನ ತಟ್ಟೆಯಲ್ಲಿ ಖಾಲಿ ಶೀಶೆಗಳು ಸಿಪಾಯಿಗಳಂತೆ ಸಾಲಾಗಿ ನಿಂತಿದ್ದವು. "ಜಗಳ ಆಡಬ್ಯಾಡ್ರಿ," ಎಂದು ಇಬ್ಬರಿಗೂ ಹೇಳಿ ಫಟಫಟಿ ಹತ್ತಿದರು.

ಮತ್ತೆ ಮೂರು ವಾರಕ್ಕೆ ಅಮೋಘಿಯನ್ನು ಚಕ್ಕಡಿಯಲ್ಲಿ ಮಲಗಿಸಿಕೊಂಡು ಬಂದರು. ಜೊತೆಗೆ ಅವನ ಅಣ್ಣ ರಾಯಪ್ಪ ಮಮದಾಪುರದಿಂದ ಬಂದಿದ್ದ. ಕಚ್ಚಿದ ಕಾಲು ಜುಮುಗುಡುತ್ತದೆ, ಗಂಟಲು ಹಿಡಿಯುತ್ತದೆ ಎಂದರು. ಹಾಜಿರಾಬಿ ಒಂದು ಲೋಟ ನೀರು ತಂದು ಎದುರಿಗೆ ಹಿಡಿದಳು. ಅವನ ಕತ್ತಿನ ನರಗಳು ಹಗ್ಗದಂತೆ ಎದ್ದು, ಬೆನ್ನು ಬಿಲ್ಲಾಯಿತು. ಅವಳು ಲೋಟವನ್ನು ಬೆನ್ನ ಹಿಂದೆ ಬಚ್ಚಿಟ್ಟು ನನ್ನ ಕಡೆ ನೋಡಿದಳು.

ಎರಡು ದಿನ ಬದುಕಿದ. ಮಂಚಕ್ಕೆ ಕಟ್ಟಿದ್ದೆವು. ನಡುನಡುವೆ ಬುದ್ಧಿ ತಿಳಿಯಾದಾಗ, "ಸಾಹೇಬ್ರ, ಇನ್ನೊಂದು ಸೂಜಿ ಮಾಡ್ರಿ," ಎನ್ನುತ್ತಿದ್ದ. ನಾನು ಭಟ್ಟಿ ಇಳಿಸಿದ ನೀರಿನ ಒಂದು ಸೂಜಿ ಮಾಡಿದೆ. "ಇದು ಹತ್ತತೈತಿ ನೋಡ್ರಿ," ಎಂದ.

ಹೆಣವನ್ನು ಕಟ್ಟೆಯ ಮೇಲೆ ಮಲಗಿಸಿದಾಗ ಹಾಜಿರಾಬಿ ಬೋರವ್ವನ ಪಕ್ಕ ಕೂತು, ಎಲ್ಲರಿಗೂ ಕೇಳುವಂತೆ ಹೇಳಿದಳು: "ತಂಗಿ, ಔಷಧ ಕೆಟ್ಟಿತ್ತು. ಬರ್ಫದಾಗಿಟ್ಟು ಕೆಡಿಸಿದ್ರು. ಹದಿನಾಕೂ ಸುಳ್ಳ ಚುಚ್ಚ್ಯಾರ."

ರಾಯಪ್ಪ ತಲೆ ಎತ್ತಿದ. ಬೋರವ್ವ ನನ್ನನ್ನು ನೋಡಿದಳು. "ಹೌದೇನ್ರಿ ಸಾಹೇಬ್ರ?"

ಕಟ್ಟೆ ತುಂಬ ಮಂದಿ. ರಾಯಪ್ಪನ ಕೈಯಲ್ಲಿ ಕುರಿಗಾರನ ಬಡಿಗೆ. ನನ್ನ ಬಾಯಿ ನನ್ನ ಅಪ್ಪಣೆ ಕಾಯಲಿಲ್ಲ.

"ಔಷಧ ಬೆಂಕಿ ಇದ್ದಂಗಿತ್ತು. ಪಥ್ಯ ಏನರ ಮುರಿದ್ಯೇನ, ಬೋರವ್ವ?"

ಅವಳು ಸೆರಗಿನ ಅಂಚು ಹಿಂಡಿದಳು. "ಟಗರ ಕೊಯ್ದ ದಿನ," ಎಂದಳು. "ನೀವೆಲ್ಲಾ ಉಂಡು ಎದ್ದಿದ್ರಿ. ಎದ್ದು ನಿಂದ್ರಾಕ ಅವನ ಕಾಲಾಗ ಕಸುವು ಇರಲಿಲ್ರಿ. ಬ್ಯಾಡ ಅಂದ. ನಾನ ಒತ್ತಾಯ ಮಾಡಿ ಒಂದು ಚಮಚಾ ಸಾರು ಬಾಯಾಗ ಹಾಕಿದ್ನಿ."

"ಅಷ್ಟ ಸಾಕು," ಎಂದೆ.

"ಸಾರಿನಿಂದ ಯಾರೂ ಸಾಯೂದಿಲ್ಲವಾ," ಹಾಜಿರಾಬಿ ಅವಳ ತೋಳು ಹಿಡಿದು ಅಲುಗಿಸಿದಳು. "ಕೇಳಿಲ್ಲಿ, ನನ್ನ ಮುಖಾ ನೋಡು."

ಬೋರವ್ವ ಕೈ ಬಿಡಿಸಿಕೊಂಡಳು. "ನೀವು ನನ್ನ ಸಮಾಧಾನಕ್ಕ ಹೇಳಾಕತ್ತೀರಿ, ಬಾಯಾರ. ಹಾಕಿದ ಕೈ ನಂದು."

ರಾಯಪ್ಪ ನನಗೆ ಕೈಮುಗಿದ. ಅಲ್ಲೇ ಊರ ಹೊರಗೆ ಮಣ್ಣು ಮಾಡಿ, ಸಂಜೆಗೆ ಕುರಿಗಳನ್ನು ಎಬ್ಬಿಸಿಕೊಂಡು ದವಾಖಾನೆಯ ಮುಂದಿನ ದಾರಿಯಲ್ಲೇ ಮಮದಾಪುರದ ಕಡೆ ಹೊರಟ. ಬೋರವ್ವ ತಲೆಯ ಮೇಲೆ ಗಂಟು ಹೊತ್ತು ಹಿಂಡಿನ ಹಿಂದೆ ನಡೆದಳು. ರಾಯಪ್ಪ ತಿರುಗಿ ನೋಡಿ, ಬಗ್ಗಿ, ಒಂದು ಮಣ್ಣಿನ ಹೆಂಟೆ ಎತ್ತಿ ಅವಳ ಕಡೆ ಎಸೆದ. ಅವಳು ನಿಂತಳು. ಹಿಂಡು ಮುಂದೆ ಸಾಗಿದಾಗ ಮತ್ತೆ ನಾಲ್ಕು ಹೆಜ್ಜೆ ಇಟ್ಟಳು. ಅವನು ಇನ್ನೊಂದು ಎತ್ತಿದ.

ನಾನು ಕಟ್ಟೆಯ ಮೇಲೆ ನಿಂತು ಕೂಗಿದರೆ ತಿಕೋಟಾದಲ್ಲಿ ಉಳುವ ಎತ್ತುಗಳು ಗಕ್ಕನೆ ನಿಲ್ಲುತ್ತವೆ. ಅವರು ಇದ್ದದ್ದು ನೂರು ಹೆಜ್ಜೆ ದೂರದಲ್ಲಿ. ಹಾಜಿರಾಬಿ ಬಾಗಿಲಲ್ಲಿ ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನಾನು ಒಳಗೆ ಹೋಗಿ ಮುಂದಿನ ರೋಗಿಯ ಹೆಸರು ಕೇಳಿದೆ.